ಸೋತವರಲ್ಲಿ ಮೊದಲಿಗ

ಎಲ್ಲ ಅನಾಹುತಕ್ಕೂ ಮೂಲ ಒಂದು ಮೊಟ್ಟೆ. ಆ ಶನಿವಾರ ಬೆಳಿಗ್ಗೆ ಮಿಸೆಸ್ ಪ್ಯೂ ಅವರ ಒಲೆಯ ಉರಿ ಸಣ್ಣಗಿತ್ತು. ಮೊಟ್ಟೆ ಬೇಯುವುದು ತಡವಾಯಿತು. ಚಮಚ ಹಿಡಿದು ಕಾಯುತ್ತಿದ್ದ ಅತಿಥಿ ಮಿಸ್ಟರ್ ಹೇಲ್ ಅವರಿಗೆ, ಮನೆಯೊಡತಿಯ ಎದುರು ಬಾಯಿ ಬಿಡದೆ ಕೂತಿರುವುದು ಸಭ್ಯತೆಯಲ್ಲ ಅನ್ನಿಸಿತು. ಅದಕ್ಕೇ ಒಂದು ಮಾತು ಆಡಿದರು.

"ನಿಮ್ಮ ಪಕ್ಕದ ಮನೆ ಪ್ರಾಸರ್ ಇದಾರಲ್ಲ, ಅವರ ವಿಷಯದಲ್ಲಿ ಒಂದು ತಪ್ಪು ಸರಿಮಾಡ್ಬೇಕು ಅಂತಲೇ ಲಂಡನ್ನಿಂದ ಬಂದೆ ಅಮ್ಮಾ. ನಲವತ್ತು ವರ್ಷದಿಂದ ಎದೆ ಮೇಲೆ ಕೂತಿದೆ. ಇವತ್ತು ಕ್ಲಬ್ಬಲ್ಲಿ ಎಲ್ಲರ ಮುಂದೆ ಹೇಳಿಬಿಡ್ತೀನಿ."

ಅಷ್ಟರಲ್ಲಿ ಮೊಟ್ಟೆ ಬೆಂದಿತು. ಹೇಲ್ ಅದರ ನೆತ್ತಿಯನ್ನು ಮೆಲ್ಲಗೆ ತಟ್ಟಿ ಒಡೆದು, ತಿಂದು, ಟೋಪಿ ಹಾಕಿಕೊಂಡು ಹೊರಟುಹೋದರು. ಬೇರೆ ಏನನ್ನೂ ಹೇಳಲಿಲ್ಲ. ಮಿಸೆಸ್ ಪ್ಯೂಗೆ ಅಷ್ಟು ಸಾಕಾಗಿತ್ತು. ಉಳಿದದ್ದನ್ನು ಅವರೇ ಬೇಯಿಸಿಕೊಂಡರು.

ಹೇಲ್ ಎಂಬತ್ತು ದಾಟಿದ ಮುದುಕರು. ಒಂದು ಕಾಲದಲ್ಲಿ ಬಾಕ್ಸಿಂಗ್ ರೆಫ್ರಿ. ಪ್ರಾಸರ್ ಅಂದರೆ ಇಡ್ವಲ್ ಪ್ರಾಸರ್. ನಲವತ್ತು ವರ್ಷದ ಹಿಂದೆ, ಈಗಿನ ಹೊಟ್ಟೆ ಇನ್ನೂ ಬಂದಿಲ್ಲದಿದ್ದಾಗ, ತೀರ ಹಗುರ ತೂಕದವರ ವಿಶ್ವ ಪಟ್ಟಕ್ಕಾಗಿ ಅವನು ಲಂಡನ್ನಿನಲ್ಲಿ ಒಬ್ಬ ಅಮೆರಿಕದವನ ಜೊತೆ ಹದಿನೈದು ಸುತ್ತು ಬಡಿದಾಡಿದ್ದ. ಆಗ ಇಲ್ಲಿ ತೀರ್ಪು ಕೊಡುವವನು ರೆಫ್ರಿ ಒಬ್ಬನೇ. ಕೊನೆಯ ಗಂಟೆ ಹೊಡೆದ ಮೇಲೆ ಅವನು ನಡೆದುಹೋಗಿ ಗೆದ್ದವನ ಕೈ ಎತ್ತುತ್ತಿದ್ದ, ಮುಗಿಯಿತು. ಎಷ್ಟು ಪಾಯಿಂಟಿನಿಂದ ಗೆದ್ದ, ಎಷ್ಟರಿಂದ ಸೋತ ಎಂದು ಹೇಳುವ ರೂಢಿ ಇರಲಿಲ್ಲ, ಕೇಳುವ ರೂಢಿಯೂ ಇರಲಿಲ್ಲ. ಅವತ್ತು ಹೇಲ್ ಎತ್ತಿದ್ದು ಅಮೆರಿಕದವನ ಕೈ.

ಅಂದಿನಿಂದ ಇಡ್ವಲ್‌ನದು ಒಂದೇ ಮಾತು. "ಕೂದಲೆಳೆಯಲ್ಲಿ ಹೋಯ್ತು. ನ್ಯಾಯವಾಗಿ ನೋಡಿದ್ರೆ ಅದು ನಂದೇ. ಬಾಯಿಗೆ ಬಂದ ತುತ್ತು ಕಿತ್ಕೊಂಡ." ಪಾಂಟ್‌ವೆನ್ ಊರಿನ ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ಈ ಮಾತು ಕೇಳಿಸಿಕೊಳ್ಳದೆ ಬಿಯರ್ ಕುಡಿದ ಗಂಡಸು ಒಬ್ಬನೂ ಇಲ್ಲ. ಅವನು ಕತೆ ಶುರು ಮಾಡಿದರೆ ಡಾರ್ಟ್ಸ್ ಆಡುವವರು ತಿರುಗಿಯೂ ನೋಡದೆ, ಸರಿಯಾದ ಜಾಗದಲ್ಲಿ ಸರಿಯಾಗಿ "ಅಯ್ಯೋ ಪಾಪ" ಎನ್ನುತ್ತಿದ್ದರು.

ಮಿಸೆಸ್ ಪ್ಯೂ ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದಾಗ ಇಡ್ವಲ್ ತನ್ನ ಕಲ್ಲಿದ್ದಲು ಕೋಣೆಯ ಬಾಗಿಲಲ್ಲಿ ಬಗ್ಗಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಮಧ್ಯಾಹ್ನ ಕ್ಲಬ್ಬಿನಲ್ಲಿ ಅವನ ಫೋಟೋ ಅನಾವರಣ.

"ಇಡ್ವಲ್ ಬಾಖ್, ನನ್ನಪ್ಪಾ! ಗೆದ್ದಿದ್ದು ನೀನಂತೆ ಕಣೋ!"

"ಏನು?"

"ರೆಫ್ರಿನೇ ಹೇಳಿದ್ರು. ನನ್ನ ಅಡುಗೆಮನೇಲಿ, ಕಣ್ಣಲ್ಲಿ ನೀರು ತುಂಬ್ಕೊಂಡು. ತಪ್ಪು ಕೈ ಎತ್ಬಿಟ್ಟೆ ಅಮ್ಮಾ ಅಂದ್ರು. ಇವತ್ತು ಎಲ್ಲರ ಮುಂದೆ ಒಪ್ಕೊತಾರಂತೆ!"

ಇಡ್ವಲ್ ದಢಕ್ಕನೆ ಎದ್ದು ನಿಂತ. ಕಲ್ಲಿದ್ದಲು ಕೋಣೆಯ ಬಾಗಿಲು ಹಾಗೆ ಎದ್ದು ನಿಲ್ಲುವವರಿಗಾಗಿ ಕಟ್ಟಿದ್ದಲ್ಲ. ಮೇಲಿನ ಅಡ್ಡಪಟ್ಟಿ ಅವನ ಎಡ ಹುಬ್ಬಿಗೆ ಬಡಿಯಿತು, ಹುಬ್ಬು ಬಾಯಿ ಬಿಟ್ಟಿತು. ಆ ಹುಬ್ಬಿನದು ಯಾವಾಗಲೂ ಅದೇ ಕತೆ. ಬೇರೆಯವರ ಹುಬ್ಬು ಒಡೆಯಲು ಗುದ್ದು ಬೇಕು. ಇಡ್ವಲ್‌ನ ಹುಬ್ಬು ಗಟ್ಟಿಯಾಗಿ ಸೀನಿದರೂ ತೆರೆದುಕೊಳ್ಳುತ್ತದೆ ಎಂದು ಊರಿನ ಮಾತು. ಅದು ಪೂರ್ತಿ ನಿಜವಲ್ಲ. ಸೀನಿದಾಗ ಒಡೆದದ್ದು ಒಂದೇ ಸಲ.

ಹೆಂಡತಿ ಕೈನ್ವೆನ್ ಅವನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಗಾಯಕ್ಕೆ ವ್ಯಾಸಲೀನ್ ಒತ್ತಿ ಪಟ್ಟಿ ಅಂಟಿಸಿದಳು.

"ಕೇಳಿದ್ಯಾ ಕೈನ್ವೆನ್? ನಾನೇ ಗೆದ್ದಿದ್ದು!"

"ಕೇಳ್ದೆ. ತಲೆ ಅಲ್ಲಾಡಿಸ್ಬೇಡ."

"ವಿಶ್ವ ಚಾಂಪಿಯನ್ನಿನ ಹೆಂಡತಿ ನೀನು!"

"ವಿಶ್ವ ಚಾಂಪಿಯನ್ನಿನ ಅಂಗಿ ತೊಳ್ಯೋದೂ ನಾನೇ. ಆ ಕಾಲರ್ ನೋಡು, ಕಸಾಯಿ ಅಂಗಡಿ ಆಗಿದೆ."

ಅವನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬೇರೆ ಅಂಗಿ ತೊಟ್ಟು ಬೀದಿಗಿಳಿದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿತ್ತು. ಮೂಲೆಯ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ ಹಳೆಯ ಗಣಿಗಾರರು, ಗಣಿಯ ತಗ್ಗು ಸುರಂಗದಲ್ಲಿ ಕೂತು ಕೂತು ಅಭ್ಯಾಸವಾದವರು, ಅವನನ್ನು ಕಂಡು ಮೊದಲ ಸಲ ಎದ್ದು ನಿಂತರು.

"ಏನಪ್ಪಾ ಚಾಂಪಿಯನ್ನೇ! ಆಗಲೇ ಪಟ್ಟ ಉಳಿಸ್ಕೊಳ್ಳೋಕೆ ಒಂದು ಆಟ ಆಡಿಬಂದ ಹಾಗಿದೆ?"

"ಯಾರೋ ಹೊಡೆದಿದ್ದು?"

"ಕಲ್ಲಿದ್ದಲು ಕೋಣೆ."

"ಎಷ್ಟನೇ ಸುತ್ತಲ್ಲಿ?"

ಬೇರೆ ದಿನವಾಗಿದ್ದರೆ ಇಡ್ವಲ್ ಬೈಯುತ್ತಿದ್ದ. ಅವತ್ತು ಎಲ್ಲರಿಗೂ ಕೈ ಬೀಸುತ್ತ ನೇರ ಕ್ಲಬ್ಬಿಗೆ ನಡೆದ.

ಕ್ಲಬ್ಬಿನ ಕಾರ್ಯದರ್ಶಿ ಗ್ವಿಲಿಮ್ ಏಣಿಯ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಗಣಿಯಿಂದ ಬಂದ ಕಲ್ಲಿದ್ದಲು ತೂಗುವುದರಲ್ಲೇ ಜೀವಮಾನ ಕಳೆದ ಮನುಷ್ಯ. ಮಾತನ್ನೂ ಹಾಗೇ ತೂಗುತ್ತಿದ್ದ. ಇಡ್ವಲ್ ಉಸಿರು ಬಿಡದೆ ಎಲ್ಲ ಹೇಳಿದ. ಗ್ವಿಲಿಮ್ ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ.

"ಆಗಲೇ ಕೇಳ್ದೆ. ಇದು ತೊಂದರೆ ಆಯ್ತಲ್ಲ ಇಡ್ವಲ್."

"ತೊಂದರೇನಾ? ಏನ್ ತೊಂದರೆ?"

ಗ್ವಿಲಿಮ್ ಗೋಡೆಯ ಹಿತ್ತಾಳೆ ಫಲಕ ತೋರಿಸಿದ. "ಓದು."

ಇಡ್ವಲ್ ಓದಿದ. "ನಮ್ಮ ಕಣಿವೆಯ ಅತ್ಯಂತ ಮಹಾನ್ ಬಾಕ್ಸರ್, ವಿಶ್ವ ಪಟ್ಟವನ್ನು ಎಂದೂ ಗೆಲ್ಲದವನು."

"'ಎಂದೂ ಗೆಲ್ಲದವನು'. ರೆಫ್ರಿನೇ ಬಂದು ನೀನು ಗೆದ್ದಿದ್ದೆ ಅಂದ ಮೇಲೆ ಅದರ ಕೆಳಗೆ ನಿನ್ನ ಫೋಟೋ ಹೆಂಗೆ ಹಾಕ್ಲಿ?"

"ಹಂಗಾದ್ರೆ ಪಟ್ಟಾನೇ ನಂದಾಯ್ತಲ್ಲ!"

"ಎಲ್ಲಿ ಆಯ್ತು? ಲಂಡನ್ನಿನವರು ನಲವತ್ತು ವರ್ಷದ ಹಿಂದಿನ ತೀರ್ಪು ತಿದ್ತಾರಾ? ಮುದುಕನಿಗೆ ಮರೆವು ಅಂತಾರೆ, ಮುಗೀತು. ಪಟ್ಟ ಬರಲ್ಲ. ಫೋಟೋ ಹೋಗುತ್ತೆ."

ಇಡ್ವಲ್ ಕೆಳಗೆ ನೋಡಿದ. ಏಣಿಯ ಬುಡದಲ್ಲಿ ಎರಡು ಫ್ರೇಮುಗಳಿದ್ದವು. ಒಂದರಲ್ಲಿ ಅವನೇ ಮುಷ್ಟಿ ಕಟ್ಟಿ ನಿಂತಿದ್ದ. ಇನ್ನೊಂದು ಗೋಡೆಯ ಕಡೆ ಮುಖ ಮಾಡಿತ್ತು. ತಿರುಗಿಸಿ ನೋಡುವ ಅಗತ್ಯವಿರಲಿಲ್ಲ. ಅದು ಕ್ಷೌರದಂಗಡಿಯ ಎಮ್ರಿಸ್ ಬೆಡೋ.

ಎಮ್ರಿಸ್‌ನದು ಬೇರೆ ಕತೆ. ಅವನು ಎಡಗೈ ಆಟಗಾರ. ಎಡಗೈ ಎಲ್ಲಿಂದ ಬರುತ್ತದೆಂದು ಹೊಡೆಸಿಕೊಂಡವರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಯಾವ ಚಾಂಪಿಯನ್ನೂ ಅವನ ಜೊತೆ ರಿಂಗಿಗೆ ಇಳಿಯಲಿಲ್ಲ. ಒಬ್ಬನಿಗೆ ಬೆನ್ನುನೋವು ಬಂತು, ಇನ್ನೊಬ್ಬನಿಗೆ ಮದುವೆ ಬಂತು. ವಿಶ್ವ ಪಟ್ಟಕ್ಕೆ ಆಡುವ ಅವಕಾಶವೇ ಸಿಗದೆ ಎಮ್ರಿಸ್ ಕತ್ತರಿ ಹಿಡಿದ.

"ನೆನಪಿದೆ ತಾನೇ," ಎಂದ ಗ್ವಿಲಿಮ್, "ಕಮಿಟೀಲಿ ಎರಡೇ ಮತದಿಂದ ನೀನು ಎಮ್ರಿಸ್‌ಗಿಂತ ಮುಂದೆ ಬಂದಿದ್ದು. ನೀನು ಆಡಿ ಕೂದಲೆಳೆಯಲ್ಲಿ ಸೋತೆ ಅಂತ. ಆ ಕೂದಲು ಕಂಡವರು ಯಾರು ಅಂತ ಎಮ್ರಿಸ್ ಕಡೆಯವರು ಇನ್ನೂ ಗೊಣಗ್ತಿದಾರೆ. ಅವರ ಬಾಯಿ ಮುಚ್ಚಿಸೋಣ ಅಂತಲೇ ರೆಫ್ರಿನ ಕರೆಸ್ದೆ. ಹಿಂಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಇಡ್ವಲ್ ಇದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಗೋಡೆಯನ್ನೇ ನೋಡುತ್ತಿದ್ದ. ಗಣಿ ಮುಚ್ಚಿದ ಮೇಲೆ ಅವನು ಗೋದಾಮಿನ ಕಾವಲುಗಾರನಾದ, ಆಮೇಲೆ ಅದೂ ಇಲ್ಲ. ಇಡೀ ಬದುಕು "ಅವತ್ತು ಸೋತನಲ್ಲ, ಅವನು" ಅನ್ನಿಸಿಕೊಂಡೇ ಕಳೆದಿತ್ತು. ಸೋತವರಲ್ಲೇ ಮೊದಲಿಗ ಎಂಬುದು ಅವನಿಗೆ ಸಿಗಬಹುದಾದ ಒಂದೇ ಪಟ್ಟ. ಅದನ್ನೂ ಅದೇ ರೆಫ್ರಿ ಬಂದು ಕಿತ್ತುಕೊಳ್ಳುವುದೆಂದರೇನು?

"ಗ್ವಿಲಿಮ್," ಎಂದ, "ಅವರು ಬಂದು ನಾನು ಸೋತೆ ಅಂದ್ರೆ?"

"ಸೋತೆ ಅಂದ್ರೆ ಸೋತೆ. ಫೋಟೋ ಗೋಡೆ ಮೇಲೆ."

"ಅನ್ನಿಸ್ತೀನಿ," ಎಂದ ಇಡ್ವಲ್. ಹದಿನೈದನೇ ಸುತ್ತಿನ ಗಂಟೆ ಹೊಡೆದಾಗ ಕೂಡ ಅವನ ದವಡೆ ಅಷ್ಟು ಬಿಗಿದಿರಲಿಲ್ಲ.

ಹೇಲ್ ಎಲ್ಲಿ ಎಂದು ಮಿಸೆಸ್ ಪ್ಯೂಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ್ದು ಕಡಿಮೆ. "ಕ್ಷೌರಕ್ಕೆ ಹೋದ್ರು, ಎಮ್ರಿಸ್ ಹತ್ರ. ಹೋಗು ಹೋಗು, ಅವರ ಕೈ ಮುತ್ತಿಟ್ಟು ಬಾ!"

ಎಮ್ರಿಸ್ ಹತ್ತಿರ! ಇಡ್ವಲ್ ಇಳಿಜಾರಿನ ಬೀದಿಯಲ್ಲಿ ಓಡಿದ. ಅಂಗಡಿಯಲ್ಲಿ ಎಮ್ರಿಸ್ ಕಾಣಲಿಲ್ಲ. ಹಿಂದಿನ ಕೋಣೆಯಲ್ಲಿ ನೀರು ಕಾಯಿಸುವ ಸದ್ದು. ಕುರ್ಚಿಯಲ್ಲಿ ಒರಗಿದ್ದವರ ಮುಖದ ಮೇಲೆ ಬಿಸಿ ಟವೆಲು, ಮೂಗಿನ ತುದಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕರಿ ಟೋಪಿ. ಒಳ್ಳೆಯ ಅವಕಾಶ ಎಂದುಕೊಂಡ ಇಡ್ವಲ್. ಟವೆಲಿನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ.

"ನಾನು ಇಡ್ವಲ್. ಮಾತಾಡ್ಬೇಡಿ. ಅವನು ಒಳಗಿದಾನೆ. ನೀವು ಇವತ್ತು ಏನು ಹೇಳೋಕೆ ಹೊರಟಿದೀರೋ ನನಗೆ ಗೊತ್ತು. ದಯವಿಟ್ಟು ನಿಜ ಹೇಳ್ಬೇಡಿ."

ಟವೆಲು "ಮ್?" ಎಂದಿತು.

"ಒಂದೇ ಒಂದು ಸುಳ್ಳು. ಈ ಮುದುಕನಿಗೆ ಮಾಡೋ ಉಪಕಾರ ಅಂದ್ಕೊಳ್ಳಿ. ಪಾಪ ಗೀಪ ಅಂತ ಯೋಚನೆ ಮಾಡ್ಬೇಡಿ. ದೇವರ ಹತ್ರ ನಾನೇ ಮಾತಾಡ್ಕೋತೀನಿ."

ಒಂದು ಕೈ ಮೇಲೆ ಬಂದು ಟವೆಲನ್ನು ನಿಧಾನವಾಗಿ ಕೆಳಗೆ ಸರಿಸಿತು. ಕೆಂಪಗೆ ಬೆವೆತ ಮುಖ ಹೊರಬಂತು. ಅದು ಚಾಪೆಲ್ಲಿನ ಪಾದ್ರಿ ರೆವರೆಂಡ್ ಎಲ್ವಿನ್ ಅವರದು.

"ಮಾತಾಡ್ಕೋ ಇಡ್ವಲ್," ಎಂದರು ಪಾದ್ರಿ. "ಪ್ರತಿ ಭಾನುವಾರ ಬೆಳಿಗ್ಗೆ ಚಾಪೆಲ್ಲಲ್ಲೇ ಸಿಗ್ತಾನೆ. ನಿನ್ನ ವಿಚಾರಿಸ್ತಾ ಇರ್ತಾನೆ."

ಇಡ್ವಲ್ ಬೆಚ್ಚಿ ಹಿಂದೆ ಸರಿದಾಗ ಹುಬ್ಬಿನ ಪಟ್ಟಿ ಬಿಚ್ಚಿತು. ಬಿಸಿನೀರಿನ ಪಾತ್ರೆ ಹಿಡಿದು ಬಂದ ಎಮ್ರಿಸ್ ಪಾದ್ರಿಯ ಎದೆಯ ಮೇಲಿನ ಬಿಳಿ ಬಟ್ಟೆಯಲ್ಲಿ ರಕ್ತ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಅಯ್ಯಯ್ಯೋ! ನಾನಿನ್ನೂ ಕತ್ತಿ ಮುಟ್ಟೇ ಇಲ್ಲವಲ್ಲ ಸ್ವಾಮಿ!"

"ರೆಫ್ರಿ ಎಲ್ಲಿ?" ಎಂದ ಇಡ್ವಲ್.

"ಓ, ನಿಂದಾ ರಕ್ತ? ಹಂಗಾದ್ರೆ ಮಾಮೂಲು." ಎಮ್ರಿಸ್ ಪಾತ್ರೆ ಇಳಿಸಿದ. "ಅವರ ಶೇವ್ ಆಗ್ಲೇ ಆಯ್ತು. ಇಟಾಲಿಯನ್ ಹೋಟೆಲಲ್ಲಿ ಟೀ ಕುಡೀತೀನಿ ಅಂದ್ರು. ಗೆದ್ಯಂತಲ್ಲ ಮಾರಾಯ, ಸಂತೋಷ. ನನ್ನ ಕಪ್ಪು ಕೋಟಿಗೆ ಹೆಂಡತಿ ಇಸ್ತ್ರಿ ಹಾಕ್ತಿದಾಳೆ. ಸುಮ್ನೆ, ಏನಾದ್ರೂ ಬೇಕಾದೀತು ಅಂತ. ಬಾ, ಹುಬ್ಬಿಗೆ ಪಟಿಕ ಉಜ್ಜಿ ಕಳಿಸ್ತೀನಿ."

"ನಿನ್ನ ಪಟಿಕ ನೀನೇ ಇಟ್ಕೋ," ಎಂದು ಇಡ್ವಲ್ ಕರವಸ್ತ್ರ ಒತ್ತಿಕೊಂಡು ಹೊರಬಿದ್ದ.

ಇಟಾಲಿಯನ್ ಹೋಟೆಲಿನ ಗಾಜೆಲ್ಲ ಹಬೆ. ಮೂಲೆಯ ಮೇಜಿನಲ್ಲಿ ಹೇಲ್ ಒಬ್ಬರೇ, ನೀಟಾಗಿ ಕ್ಷೌರವಾದ ಮುಖ, ಎದುರಿಗೆ ಟೀ. ಇಡ್ವಲ್ ಎದುರು ಕೂತ. ನಲವತ್ತು ವರ್ಷದ ಮೇಲೆ ಇಬ್ಬರೂ ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿದರು.

"ಮಿಸ್ಟರ್ ಪ್ರಾಸರ್!" ಎಂದರು ಹೇಲ್. "ಹುಬ್ಬು ಇನ್ನೂ ಮಾಯಲಿಲ್ವೇ?"

"ಇದು ಹೊಸದು. ಮಿಸ್ಟರ್ ಹೇಲ್, ನೀವು ಇವತ್ತು..."

"ಹೌದು, ಇವತ್ತು ನಾನು ಹೇಳ್ಬೇಕಾದ್ದು..."

"ಹೇಳ್ಬೇಡಿ!"

ಹೋಟೆಲಿನಲ್ಲಿ ಎಲ್ಲರೂ ತಿರುಗಿದರು. ಇಡ್ವಲ್ ದನಿ ತಗ್ಗಿಸಿ, ಮೇಜಿನ ಮೇಲಿದ್ದ ಮುದುಕರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ.

"ನನಗೆಲ್ಲ ಗೊತ್ತಾಗಿದೆ. ವಿವರ ಬೇಡ. ಒಂದಕ್ಷರ ಬೇಡ. ನೀವು ಸ್ಟೇಜ್ ಮೇಲೆ ನಿಂತು ಇಷ್ಟು ಹೇಳ್ಬೇಕು: ಪ್ರಾಸರ್ ಸೋತ. ಚೆನ್ನಾಗೇ ಸೋತ."

"ಆದ್ರೆ ಅದು ಪೂರ್ತಿ..."

"ಪೂರ್ತಿ ಸೋತ. ಯಾರಾದ್ರೂ ಅನುಮಾನ ಇತ್ತಾ ಅಂತ ಕೇಳಿದ್ರೆ?"

"ಕೇಳಿದ್ರೆ ನಾನು..."

"ಅನುಮಾನವೇ ಇರ್ಲಿಲ್ಲ ಅನ್ನಿ. ಎಲ್ಲಿ, ಅನ್ನಿ ನೋಡೋಣ."

"ಅನುಮಾನವೇ... ಇರ್ಲಿಲ್ಲ," ಎಂದರು ಹೇಲ್ ಕಷ್ಟಪಟ್ಟು.

"ಇನ್ನೂ ಗಟ್ಟಿಯಾಗಿ. ಅನುಮಾನ ಇರೋರ ಥರ ಹೇಳ್ತಿದೀರ."

ಹುಬ್ಬಿನಿಂದ ಒಂದು ಹನಿ ಜಾರಿ ಟೀ ಕಪ್ಪಿಗೆ ಬಿತ್ತು. ಬಾಗಿಲ ಹತ್ತಿರದ ಮೇಜಿನಿಂದ ಮಾತು ಕೇಳಿತು. "ನೋಡ್ರೋ, ನಲವತ್ತು ವರ್ಷ ಕಾದು ರೆಫ್ರಿಗೆ ಹೊಡೀತಿದಾನೆ!"

"ಸರಿಯಾಗಿ ನೋಡೋ. ರಕ್ತ ಬರ್ತಿರೋದು ಯಾರಿಗೆ? ಹೊಡೀತಿರೋದು ರೆಫ್ರಿ!"

ಹೋಟೆಲಿನ ಇಟಾಲಿಯನ್ ಓಡಿ ಬಂದು ಕಪ್ಪು ಬದಲಿಸಿದ. ಬೇಕಾದರೆ ಪೊಲೀಸರನ್ನು ಕರೆಯಲೇ ಎಂದು ಹೇಲ್ ಅವರನ್ನು ಮೆಲ್ಲಗೆ ಕೇಳಿದ. ಅವರು ಬೇಡ ಎಂದು ತಲೆಯಾಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಮಿಸ್ಟರ್ ಪ್ರಾಸರ್, ನಾನು ಎಷ್ಟೋ ಆಟಗಾರರನ್ನ ನೋಡಿದೀನಿ. ಸೋತವರೆಲ್ಲ ನನ್ನ ಬೈದೋರೇ. ನಾನು ಸೋತೆ ಅಂತ ಗಟ್ಟಿಯಾಗಿ ಹೇಳಿ ಅಂತ ಕೈ ಹಿಡ್ಕೊಂಡು ಕೇಳಿದವರು ನೀವೊಬ್ಬರೇ. ನಿಮಗೆ ಇದು ನಿಜವಾಗ್ಲೂ ಬೇಕಾ?"

"ಬೇಕು. ಮಾತು ಕೊಡಿ. ನೀವು ಹೇಳೋಕೆ ಬಂದಿದ್ದನ್ನ ಆ ಸ್ಟೇಜ್ ಮೇಲೆ ಬಾಯಿ ಬಿಡಲ್ಲ ಅಂತ."

ಹೇಲ್ ಟೀ ಕಪ್ಪು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ನಿಂತು, ಎರಡು ದೇಶಗಳ ನಡುವೆ ಒಪ್ಪಂದ ಮಾಡಿಕೊಳ್ಳುವವರಂತೆ ಕೈ ಕುಲುಕಿದರು. "ಕೊಟ್ಟೆ."

ಕ್ಲಬ್ಬಿನ ಹಾಲ್ ತುಂಬಿತ್ತು. ವಿಶ್ವ ಚಾಂಪಿಯನ್ ಆಗಲಿರುವವನನ್ನು ನೋಡಲು ಮೇಲಿನ ಬೀದಿಯವರೂ ಇಳಿದು ಬಂದಿದ್ದರು. ಕೈನ್ವೆನ್ ಮುಂದಿನ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಮಿಸೆಸ್ ಪ್ಯೂ, ಎಲ್ಲವೂ ತಮ್ಮ ಅಡುಗೆಮನೆಯಲ್ಲೇ ಆದದ್ದು ಎಂಬ ಹೆಮ್ಮೆಯಲ್ಲಿ. ಇಡ್ವಲ್ ಸ್ಟೇಜಿನ ಮೇಲೆ ಒಂದು ಕುರ್ಚಿಯಲ್ಲಿ, ಎಮ್ರಿಸ್ ಗೆಳೆಯರೊಂದಿಗೆ ಹಿಂದಿನ ಬಾಗಿಲ ಹತ್ತಿರ, ಇಸ್ತ್ರಿ ಹಾಕಿದ ಕಪ್ಪು ಕೋಟಿನಲ್ಲಿ. ಗೋಡೆಯ ಮೇಲೆ ಹಸಿರು ಬಟ್ಟೆ ಮುಚ್ಚಿದ ಫ್ರೇಮು.

ಹೇಲ್ ಮೈಕಿನ ಮುಂದೆ ನಿಂತರು.

"ಅವತ್ತು ರಾತ್ರಿ," ಎಂದರು, "ಮಿಸ್ಟರ್ ಪ್ರಾಸರ್ ಸೋತರು."

ಹಾಲಿನ ತುಂಬ ಗುಸುಗುಸು. ಮಿಸೆಸ್ ಪ್ಯೂ "ಬೆಳಿಗ್ಗೆ ಹಿಂಗಂದಿಲ್ಲ!" ಎಂದು ಗಟ್ಟಿಯಾಗಿಯೇ ಹೇಳಿದರು. ಇಡ್ವಲ್ ಎದ್ದು ನಿಂತು ಎಲ್ಲರಿಗೂ ಕಾಣುವಂತೆ, ಹೌದು ಹೌದು ಎಂದು ತಲೆಯಾಡಿಸಿದ. ಅವನು ಹಾಗೆ ಒಪ್ಪಿಕೊಂಡದ್ದನ್ನು ಆ ಊರು ಮೊದಲ ಸಲ ನೋಡಿತು. ಗ್ವಿಲಿಮ್ ಬಟ್ಟೆಯ ದಾರಕ್ಕೆ ಕೈ ಹಾಕಿದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಿಂದಿನಿಂದ ಎಮ್ರಿಸ್‌ನ ಗೆಳೆಯನೊಬ್ಬ ಕೇಳಿದ: "ಕೂದಲೆಳೆಯಲ್ಲಾ ಸಾರ್?"

ಹೇಲ್ ಇಡ್ವಲ್‌ನ ಮುಖ ನೋಡಿದರು. ಕೂದಲೆಳೆ ಎಂದುಬಿಟ್ಟರೆ ಮುದುಕರು ಭಾವುಕರಾಗಿ ಉಳಿದದ್ದನ್ನೂ ಕಕ್ಕಿಬಿಡುತ್ತಾರೆ ಎಂದು ಇಡ್ವಲ್‌ಗೆ ಭಯ. ಅವನು ಜೋರಾಗಿ ತಲೆ ಅಡ್ಡಡ್ಡ ಆಡಿಸಿದ.

"ಕೂದಲೆಳೆ ಅಲ್ಲ," ಎಂದರು ಹೇಲ್.

"ಮತ್ತೆ ಎಷ್ಟು?"

ಇಡ್ವಲ್ ಎರಡೂ ಕೈ ಅಗಲಿಸಿ ತೋರಿಸಿದ. ಹೇಲ್ ಕೊಟ್ಟ ಮಾತಿಗೆ ತಪ್ಪುವವರಲ್ಲ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರೂ ಅಲ್ಲ.

"ಅನುಮಾನವೇ ಇರ್ಲಿಲ್ಲ," ಎಂದರು ಗಟ್ಟಿಯಾಗಿ. "ಮೂರನೇ ಸುತ್ತಿನಲ್ಲೇ ಯಾರ ಕೈ ಎತ್ತಬೇಕು ಅಂತ ತೀರ್ಮಾನ ಆಗಿ ಹೋಗಿತ್ತು. ಉಳಿದ ಹನ್ನೆರಡು ಸುತ್ತು ನಾನು ಹೋಟೆಲಿನ ಊಟಕ್ಕೆ ಮೀನಿರುತ್ತೋ ಮಾಂಸ ಇರುತ್ತೋ ಅಂತ ಯೋಚಿಸ್ತಾ ನಿಂತಿದ್ದೆ."

ಹಾಲು ನಗೆಯಲ್ಲಿ ಮುಳುಗಿತು. ಇಡ್ವಲ್ ಕೂಡ ನಕ್ಕ. ಅವನಿಗೆ ಬೆವರಿನ ಜೊತೆ ಸಮಾಧಾನವೂ ಇಳಿಯುತ್ತಿತ್ತು. ಉಳಿಯಿತು, ಫೋಟೋ ಉಳಿಯಿತು.

ಗ್ವಿಲಿಮ್ ಮಾತ್ರ ನಗಲಿಲ್ಲ. ಅವನ ಕೈ ದಾರದ ಮೇಲೆಯೇ ನಿಂತಿತ್ತು.

"ಒಂದು ನಿಮಿಷ," ಎಂದ. "ಫಲಕದ ಮೇಲೆ ಎರಡು ಮಾತಿದೆ. 'ಎಂದೂ ಗೆಲ್ಲದವನು' ಅನ್ನೋದು ಒಂದು. ಅದು ಸರಿ ಹೋಯ್ತು. 'ಮಹಾನ್' ಅನ್ನೋದು ಇನ್ನೊಂದು." ಅವನು ಹೇಲ್ ಕಡೆ ತಿರುಗಿದ. "ಮೂರನೇ ಸುತ್ತಲ್ಲೇ ಮುಗಿದಿತ್ತು ಅಂದ್ರಿ ಅಲ್ಲವಾ ಸಾರ್?"

"ಅಂದೆ."

"ಕಮಿಟಿ ಮತ ಹಾಕಿದ್ದು ಕೂದಲೆಳೆಗೆ. ಮೀನೂಟಕ್ಕಲ್ಲ." ಗ್ವಿಲಿಮ್ ನಿಟ್ಟುಸಿರು ಬಿಟ್ಟು ಏಣಿ ಹತ್ತಿದ. "ಎಮ್ರಿಸ್, ಬಾಪ್ಪಾ ಮುಂದೆ. ನೀನು ಆಡಲೇ ಇಲ್ಲ. ಆದ್ರೆ ಸೋಲಲೂ ಇಲ್ಲ."

ಹಸಿರು ಬಟ್ಟೆಯ ಹಿಂದೆಯೇ ಫ್ರೇಮು ಬದಲಾಯಿತು. ಬಟ್ಟೆ ಜಾರಿದಾಗ ಎಮ್ರಿಸ್ ಬೆಡೋ ಎಡಗೈ ಮುಂದೆ ಮಾಡಿ ನಿಂತಿದ್ದ. ಚಪ್ಪಾಳೆಗೆ ಗ್ಲಾಸುಗಳು ಅದುರಿದವು. ನಿಜವಾದ ಎಮ್ರಿಸ್ ಸ್ಟೇಜಿಗೆ ಬಂದವನು ಮೊದಲು ಇಡ್ವಲ್‌ನ ಕೈ ಹಿಡಿದುಕೊಂಡ. ಇಡ್ವಲ್‌ಗೆ ಅವನನ್ನು ಬೈಯುವುದಕ್ಕೂ ಆಗಲಿಲ್ಲ.

ಹೇಲ್ ಸಂಜೆಯ ಬಸ್ಸಿಗೆ ನಿಂತಿದ್ದರು. ಇಡ್ವಲ್ ಹುಡುಕಿಕೊಂಡು ಹೋದ, ಜಗಳವಾಡಲು ಅಲ್ಲ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

"ಕ್ಷಮಿಸಿ ಮಿಸ್ಟರ್ ಪ್ರಾಸರ್," ಎಂದರು ಹೇಲ್. "ನೀವು ಕೇಳಿದ ಹಾಗೇ ಹೇಳ್ದೆ. ಫೋಟೋ ಹೋಗುತ್ತೆ ಅಂತ ತಿಳೀಲಿಲ್ಲ."

"ನಿಮ್ಮ ತಪ್ಪಲ್ಲ. ನಾನು ಗೆದ್ದೆ ಅಂತ ನೀವು ಹೇಳಿದ್ರೂ ಹೋಗ್ತಿತ್ತು."

ಹೇಲ್ ಹುಬ್ಬೇರಿಸಿದರು. "ಗೆದ್ರಿ ಅಂತಾನಾ? ನೀವು ಗೆದ್ದಿರಲಿಲ್ಲವಲ್ಲ."

"ಮತ್ತೆ ಬೆಳಿಗ್ಗೆ ಮಿಸೆಸ್ ಪ್ಯೂ ಹತ್ರ..."

"ತಪ್ಪು ಸರಿಮಾಡ್ಬೇಕು ಅಂದೆ. ಕೈ ಸರಿಯಾಗೇ ಎತ್ತಿದ್ದೆ. ಆದ್ರೆ ಆಟ ಮುಗಿದ ಮೇಲೆ ಲಂಡನ್ನಿನ ಪತ್ರಿಕೆಯವನೊಬ್ಬ ರೂಢಿ ಮೀರಿ ಕೇಳಿದಾಗ, ಸುಲಭದ ತೀರ್ಪು ಅಂದ್ಬಿಟ್ಟೆ. ರೆಫ್ರಿ ತಡವರಿಸಬಾರದಲ್ಲ. ನಿಜ ಏನಂದ್ರೆ, ನಿಮ್ಮಿಬ್ಬರ ನಡುವೆ ಇದ್ದದ್ದು ಕಾಲು ಪಾಯಿಂಟು. ಹದಿನೈದು ಸುತ್ತಿಗೆ ಕಾಲು ಪಾಯಿಂಟು! ಆ ರಾತ್ರಿ ನಾನು ಮಲಗ್ಲಿಲ್ಲ. ಪ್ರಾಸರ್ ಸೋತರು, ಆದ್ರೆ ನಾನು ಕಂಡ ಅತಿ ದೊಡ್ಡ ಆಟಗಾರ ಅವರೇ, ಅಂತ ಎಲ್ಲರ ಮುಂದೆ ಹೇಳೋಕೆ ಬಂದಿದ್ದೆ. ನೀವು ಹೇಳೋಕೆ ಬಿಡ್ಲಿಲ್ಲ."

ಇಡ್ವಲ್ ಮುದುಕರ ತೋಳು ಹಿಡಿದ.

"ಬನ್ನಿ! ಈಗಲೇ ಬನ್ನಿ! ಎಲ್ಲರೂ ಇನ್ನೂ ಒಳಗೇ ಇದಾರೆ. ಇದನ್ನೇ ಹೇಳಿ!"

ಹೇಲ್ ನಿಧಾನವಾಗಿ ತೋಳು ಬಿಡಿಸಿಕೊಂಡು ಟೋಪಿ ಸರಿಮಾಡಿಕೊಂಡರು.

"ಅದು ಸಾಧ್ಯವಿಲ್ಲ ಮಿಸ್ಟರ್ ಪ್ರಾಸರ್. ಮೂವತ್ತು ವರ್ಷ ರೆಫ್ರಿಯಾಗಿದ್ದೆ. ಜನರ ಮುಂದೆ ಕೊಟ್ಟ ತೀರ್ಪನ್ನ ಒಂದೇ ಒಂದು ಸಲವೂ ತಿರುಗಿಸಿಲ್ಲ."

ಬಸ್ಸು ಬಂತು, ಅವರನ್ನು ಹತ್ತಿಸಿಕೊಂಡಿತು, ಕಣಿವೆಯ ತಿರುವಿನಲ್ಲಿ ಮರೆಯಾಯಿತು. ಇಡ್ವಲ್ ಸ್ವಲ್ಪ ದೂರ ಅದರ ಹಿಂದೆ ಓಡಿದ ಕೂಡ. ತಿರುಗಿದಾಗ ಕೈನ್ವೆನ್ ಅವನ ಕೋಟು ಹಿಡಿದು ನಿಂತಿದ್ದಳು.

"ಕಾಲು ಪಾಯಿಂಟಂತೆ ಕೈನ್ವೆನ್!" ಎಂದ ಏದುಸಿರು ಬಿಡುತ್ತ. "ಬರೀ ಕಾಲು ಪಾಯಿಂಟು! ಅವರು ಕಂಡ ಅತಿ ದೊಡ್ಡ ಆಟಗಾರ ನಾನೇ ಅಂತೆ. ಈಗ ಹೇಳಿದ್ರು, ಇದೇ ಜಾಗದಲ್ಲಿ, ಅವರ ಬಾಯಿಂದಲೇ! ಈಗಲೇ ಹೋಗಿ ಗ್ವಿಲಿಮ್‌ಗೆ ಹೇಳ್ತೀನಿ."

ಕೈನ್ವೆನ್ ಅವನನ್ನು ತಡೆದು ನಿಲ್ಲಿಸಿ, ಕೋಟಿನ ತೋಳಿಗೆ ಒಂದೊಂದೇ ಕೈ ತೂರಿಸಿದಳು. ಅವಳ ಮುಖದಲ್ಲಿ ಬಹಳ ವರ್ಷಗಳಿಂದ ಕಾಣದಿದ್ದ ಒಂದು ಮೆದುತನವಿತ್ತು.

"ಬೇಡ ಮಾರಾಯ," ಎಂದಳು. "ಅಷ್ಟು ಜನರ ಮುಂದೆ ಎದ್ದು ನಿಂತು, ಹೌದು ನಾನು ಸೋತೆ ಅಂತ ತಲೆ ಆಡಿಸಿದ್ಯಲ್ಲ, ಇಷ್ಟು ವರ್ಷದಲ್ಲಿ ಇವತ್ತೊಂದು ದಿನ ನಿನ್ನ ನೋಡಿ ನನಗೆ ಹೆಮ್ಮೆ ಆಯ್ತು. ಮತ್ತೆ ಸುಳ್ಳು ಹೇಳಿ ಅದನ್ನ ಕೆಡಿಸ್ಬೇಡ. ನಡಿ ಮನೆಗೆ."